ಎಡಗಿವಿ ಅಲ್ಲಾಡಿಸಿದ ಹುಡುಗ ಮೇಷ್ಟ್ರಾದ ಕಥೆ

ಅಮೆರಿಕದ ಸೇಂಟ್ ಲೂಯಿಸ್ ನಗರ, 1930ರ ದಶಕ. ಟ್ರಂಪೆಟ್ ಕಲಿಯುತ್ತಿದ್ದ ಬಡ ಹುಡುಗನೊಬ್ಬನಿಗೆ ಒಂದು ತೊಡಕು ಎದುರಾಯಿತು. ಕೆಳಗಿನ ಸ್ವರಗಳಲ್ಲಿ ನಾದ ತುಂಬಿ ಬರುತ್ತಿರಲಿಲ್ಲ. ಊರಿನ ಹಿರಿಯ ವಾದಕನೊಬ್ಬನ ಬಳಿ ಹೋಗಿ, ಇದಕ್ಕೇನು ಮಾಡಬೇಕೆಂದು ವಿನಯದಿಂದಲೇ ಕೇಳಿದ. ಆ ಹಿರಿಯ ನಗದೆ, ಗಂಭೀರವಾಗಿ ಉತ್ತರ ಕೊಟ್ಟ: ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡು, ಹಲ್ಲು ಬಿಗಿಯಾಗಿ ಕಚ್ಚು, ಊದುವಾಗ ಎಡಗಿವಿಯನ್ನು ಅಲ್ಲಾಡಿಸು.

ಹುಡುಗ ನಂಬಿದ. ದೊಡ್ಡವರು ಹೇಳಿದ ಮೇಲೆ ನಿಜವೇ ಇರಬೇಕು ತಾನೆ? ಕನ್ನಡಿಯ ಮುಂದೆ ಹಲ್ಲು ಕಚ್ಚಿ, ಕಿವಿ ಅಲ್ಲಾಡಿಸುವ ಸಾಧನೆ ನಡೆಯಿತು. ಹಲ್ಲು ಕಚ್ಚಿದರೆ ಟ್ರಂಪೆಟ್ಟಿನಲ್ಲಿ ನಾದ ಬರುವುದಿರಲಿ, ಇದ್ದ ನಾದವೂ ಕಟ್ಟಿಕೊಳ್ಳುತ್ತದೆ. ಆತ ಹೇಳಿದ್ದು ಅಪ್ಪಟ ಸುಳ್ಳು. ಆಗಿನ ಎಷ್ಟೋ ಹಿರಿಯ ವಾದಕರಿಗೆ ಒಂದೇ ಭಯ: ಈ ಪುಟ್ಟ ಹುಡುಗರಿಗೆ ಗುಟ್ಟು ಹೇಳಿಕೊಟ್ಟರೆ ನಾಳೆ ಇವರೇ ಬಂದು ನಮ್ಮ ಕುರ್ಚಿಯಲ್ಲಿ ಕೂರುತ್ತಾರೆ!

ಆ ಹುಡುಗನ ಹೆಸರು ಕ್ಲಾರ್ಕ್ ಟೆರಿ. ಮುಂದೆ ಜಾಝ್ ಸಂಗೀತದ ದೊಡ್ಡ ಟ್ರಂಪೆಟ್ ವಾದಕರಲ್ಲಿ ಒಬ್ಬರಾದರು, 900ಕ್ಕೂ ಹೆಚ್ಚು ರೆಕಾರ್ಡಿಂಗ್‌ಗಳಲ್ಲಿ ನುಡಿಸಿದರು. ಆದರೆ ಅವರನ್ನು ಬಲ್ಲವರು ನುಡಿಸಾಣಿಕೆಯಷ್ಟೇ ಪ್ರೀತಿಯಿಂದ ನೆನೆಯುವುದು ಅವರ ಪಾಠವನ್ನು. ಕಿವಿ ಅಲ್ಲಾಡಿಸಿದ ಆ ದಿನಗಳನ್ನು ನಗುತ್ತಲೇ ಹೇಳಿಕೊಳ್ಳುತ್ತಿದ್ದ ಟೆರಿ, ತನ್ನ ಬಳಿ ಯಾರೇ ಬಂದು ಕೇಳಿದರೂ ಗೊತ್ತಿರುವುದೆಲ್ಲವನ್ನೂ ಹೇಳಿಕೊಡುತ್ತೇನೆಂದು ಆಗಲೇ ನಿರ್ಧರಿಸಿದ್ದರಂತೆ. ಆ ನಿರ್ಧಾರವನ್ನು 94ನೆಯ ವಯಸ್ಸಿನವರೆಗೆ ಹೇಗೆ ನಡೆಸಿದರು ಎಂಬುದೇ ಈ ಲೇಖನ.

ಮೊದಲು ವಾದ್ಯದ ವಿಷಯ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ, ಪೊಲೀಸ್ ಬ್ಯಾಂಡಿನಲ್ಲಿ ನಾವೆಲ್ಲ ಟ್ರಂಪೆಟ್ ಕಂಡಿದ್ದೇವೆ. ನೋಡಲು ಗಿಡ್ಡ, ಆದರೆ ಅದರ ಸುರುಳಿ ಬಿಚ್ಚಿ ನೇರ ಮಾಡಿದರೆ ಸುಮಾರು ನಾಲ್ಕೂವರೆ ಅಡಿ ಉದ್ದದ ಹಿತ್ತಾಳೆ ಕೊಳವೆ. ಕೊಳಲಿನಂತೆ ಇದರಲ್ಲಿ ಗಾಳಿ ಬಿಟ್ಟರೆ ಸಾಲದು. ತುಟಿಗಳನ್ನು ಮುಚ್ಚಿ, ನಡುವೆ ಗಾಳಿ ನುಗ್ಗಿಸಿ, ದುಂಬಿ ಗುಂಯ್‌ಗುಟ್ಟುವಂತೆ ಅದುರಿಸಬೇಕು. ಮಕ್ಕಳೇ, ಈಗಲೇ ಒಮ್ಮೆ ಮಾಡಿ ನೋಡಿ, ವಾದ್ಯವೇನೂ ಬೇಡ. ಆ ಅದುರಾಟವೇ ನಾದದ ಮೂಲ. ಕೊಳವೆ ಅದನ್ನು ದೊಡ್ಡದು ಮಾಡಿ ಹೊರಕ್ಕೆ ಕಳಿಸುತ್ತದೆ.

ಮೇಲೆ ಮೂರೇ ಗುಂಡಿಗಳು. ಅವನ್ನು ವಾಲ್ವ್ ಎನ್ನುತ್ತಾರೆ. ಒಂದನ್ನು ಒತ್ತಿದರೆ ಗಾಳಿ ಇನ್ನೊಂದಿಷ್ಟು ಕೊಳವೆಯನ್ನು ಸುತ್ತಿ ಬರುತ್ತದೆ, ಸ್ವರ ಇಳಿಯುತ್ತದೆ. ಮೂರು ಗುಂಡಿಗಳಿಂದ ಅಷ್ಟೊಂದು ಸ್ವರ ಹೇಗೆ ಬರುತ್ತದೆ ಎಂದು ನೀವು ಕೇಳಬಹುದು. ಒಂದೇ ಗುಂಡಿ ಒತ್ತಿ ಹಿಡಿದು ತುಟಿಯನ್ನು ಬಿಗಿ ಮಾಡಿದರೆ ಒಂದು ಸ್ವರ, ಸಡಿಲಿಸಿದರೆ ಇನ್ನೊಂದು. ಬೆರಳಿಗೆ ಕೆಲಸ ಕಡಿಮೆ, ತುಟಿಗೂ ಉಸಿರಿಗೂ ಕೆಲಸ ಜಾಸ್ತಿ. ಕೆಳಗಿನ ಸ್ವರಗಳಿಗೆ ತುಟಿ ಸಡಿಲವಾಗಿರಬೇಕು, ಹೊಟ್ಟೆಯಿಂದ ಉಸಿರು ಬರಬೇಕು, ಗಂಟಲು ಬಿಚ್ಚಿರಬೇಕು. ಹಾಗಾಗಿ ಹುಡುಗ ಟೆರಿ ಕೇಳಿದ್ದು ದಡ್ಡ ಪ್ರಶ್ನೆಯೇನಲ್ಲ. ಉತ್ತರ ಎರಡು ವಾಕ್ಯದಲ್ಲಿ ಮುಗಿಯುತ್ತಿತ್ತು.

ಕ್ಲಾರ್ಕ್ ಟೆರಿ ಹುಟ್ಟಿದ್ದು 1920ರ ಡಿಸೆಂಬರ್ 14ರಂದು. ತಂದೆ ಗ್ಯಾಸ್ ಕಂಪನಿಯೊಂದರಲ್ಲಿ ಕೂಲಿ. ಹನ್ನೊಂದು ಮಕ್ಕಳಲ್ಲಿ ಇವರು ಏಳನೆಯವರು. ತಾಯಿ ಚಿಕ್ಕಂದಿನಲ್ಲೇ ತೀರಿಹೋದರು. ಮನೆಯಲ್ಲಿ ಸಂಗೀತದ ಗಾಳಿ ಬೀಸಿದ್ದು ಅಕ್ಕನ ಗಂಡನಿಂದ. ಅವರು ಊರಿನ ಒಂದು ಬ್ಯಾಂಡಿನಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯ ನುಡಿಸುತ್ತಿದ್ದರು. ಸೇಂಟ್ ಲೂಯಿಸ್ ಇರುವುದು ಮಿಸಿಸಿಪಿ ನದಿಯ ದಡದಲ್ಲಿ. ಅದೇ ನದಿಯ ಕೆಳಗಿನ ತುದಿಯ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಜಾಝ್, ಹಡಗುಗಳ ಮೇಲೆ ನುಡಿಸುವ ತಂಡಗಳ ಜೊತೆಯಲ್ಲಿ ಈ ಊರಿಗೂ ಹತ್ತಿ ಬಂದಿತ್ತು. ಜಾಝ್ ಎಂದರೇನು ಎಂದು ಕೇಳಿದರೆ ಪಂಡಿತರು ಪುಟಗಟ್ಟಲೆ ಬರೆಯುತ್ತಾರೆ. ನಮ್ಮ ಸಂಗೀತ ಕೇಳುವವರಿಗೆ ಇಷ್ಟು ಹೇಳಿದರೆ ಸಾಕು: ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಇಟ್ಟುಕೊಂಡು, ತಾಳ ತಪ್ಪದಂತೆ, ಒಬ್ಬೊಬ್ಬರೂ ಸರದಿಯ ಮೇಲೆ ತಮ್ಮ ಮನೋಧರ್ಮ ತೋರಿಸುವ ಸಂಗೀತ. ಅಮೆರಿಕದ ಕಪ್ಪು ಜನ ಹುಟ್ಟಿಸಿದ್ದು.

ಹತ್ತರ ವಯಸ್ಸಿನ ಹೊತ್ತಿಗೆ ಕ್ಲಾರ್ಕ್ ಒಮ್ಮೆ ಡ್ಯೂಕ್ ಎಲಿಂಗ್ಟನ್ ಅವರ ತಂಡದ ವಾದನ ಕೇಳಿದ. ಟ್ರಂಪೆಟ್ ಬೇಕೇ ಬೇಕು ಅನಿಸಿತು. ಕೊಳ್ಳಲು ಕಾಸಿಲ್ಲ. ಹುಡುಗ ಹಾಳುಮೂಳು ರಾಶಿಗೆ ಕೈ ಹಾಕಿದ. ಗಿಡಕ್ಕೆ ನೀರು ಹಾಯಿಸುವ ಹಳೆಯ ರಬ್ಬರ್ ಪೈಪು ಸಿಕ್ಕಿತು. ಅದನ್ನು ಟ್ರಂಪೆಟ್ಟಿನಂತೆ ಸುರುಳಿ ಸುತ್ತಿ, ಗುಂಡಿಗಳ ಹಾಗೆ ಕಾಣಲೆಂದು ಮೂರು ಕಡೆ ತಂತಿ ಬಿಗಿದ. ಒಂದು ತುದಿಗೆ ಸೀಮೆಎಣ್ಣೆ ಸುರಿಯುವ ಲಾಳಿಕೆ, ಇನ್ನೊಂದು ತುದಿಗೆ ಬಾಯಿಡಲು ಸೀಸದ ಕೊಳವೆಯ ತುಂಡು. ಊದಿದ. ಊದುತ್ತಲೇ ಇದ್ದ. ಅಕ್ಕಪಕ್ಕದವರು ಎಷ್ಟು ದಿನ ತಡೆದಾರು? ಕೊನೆಗೆ ಅವರೇ ಚಂದಾ ಎತ್ತಿ, ಗಿರವಿ ಅಂಗಡಿಯಿಂದ 12 ಡಾಲರ್ 50 ಸೆಂಟಿಗೆ ಒಂದು ನಿಜವಾದ ಟ್ರಂಪೆಟ್ ತಂದುಕೊಟ್ಟರು. ಹುಡುಗನ ಮೇಲಿನ ಪ್ರೀತಿಗಿಂತ ತಮ್ಮ ಕಿವಿಗಳ ಮೇಲಿನ ದಯೆ ಹೆಚ್ಚಿತ್ತೆಂದು ಟೆರಿ ತಮಾಷೆ ಮಾಡುತ್ತಿದ್ದರು. ಆದರೆ ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಬಡವರ ಕೇರಿಯಲ್ಲಿ ಹನ್ನೆರಡೂವರೆ ಡಾಲರ್ ಒಟ್ಟುಗೂಡಿಸುವುದು ಸಣ್ಣ ಮಾತಲ್ಲ.

ಕಿವಿ ಅಲ್ಲಾಡಿಸುವ ಪಾಠ ಸಿಕ್ಕಿದ್ದು ಇದರ ನಂತರ. ಈ ಪ್ರಸಂಗ ಓದಿದಾಗ ನನಗೆ ನೆನಪಾದದ್ದು ಬ್ಯಾಂಕಿನ ಲೆಡ್ಜರುಗಳು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬ್ಯಾಲೆನ್ಸ್ ಕೂಡದೆ ರಾತ್ರಿ ಒಂಬತ್ತರವರೆಗೆ ಕೂರುತ್ತಿದ್ದೆವು. ವ್ಯತ್ಯಾಸದ ಮೊತ್ತ ಒಂಬತ್ತರಿಂದ ಭಾಗವಾದರೆ, ಎಲ್ಲೋ 72ನ್ನು 27 ಎಂದು ತಿರುವಿ ಬರೆದಿರುವ ಸಾಧ್ಯತೆ ಇದೆ, ಅದನ್ನೇ ಹುಡುಕಬೇಕು. ಇಷ್ಟೇ ಗುಟ್ಟು. ಇದನ್ನು ಬಲ್ಲ ಹಿರಿಯರೊಬ್ಬರು ನಮ್ಮ ಶಾಖೆಯಲ್ಲಿದ್ದರು. ಹೊಸಬರು ಒದ್ದಾಡುವುದನ್ನು ನೋಡುತ್ತ, ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ಗುಟ್ಟು ಬಚ್ಚಿಡುವವರು ಎಲ್ಲ ಕಸುಬಿನಲ್ಲೂ ಇದ್ದಾರೆ. ನಮ್ಮ ಸಂಗೀತದಲ್ಲೂ, ನಾಟಿ ವೈದ್ಯದಲ್ಲೂ, ಅಡುಗೆಮನೆಯಲ್ಲೂ.

ಶಾಲೆಯಲ್ಲಿ ಬ್ಯಾಂಡಿಗೆ ಸೇರಿ, ಮುಗಿದ ಮೇಲೆ ಟೆರಿ ಊರೂರು ತಿರುಗುವ ಜಾತ್ರೆ ಕಂಪನಿಯೊಂದರ ತಂಡದಲ್ಲಿ ನುಡಿಸಲು ಹೋದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರು ಬಿಳಿಯರ ಹೋಟೆಲಿನಲ್ಲಿ ಉಣ್ಣುವಂತಿಲ್ಲ, ಮಲಗುವಂತಿಲ್ಲ. ಮಿಸಿಸಿಪಿ ರಾಜ್ಯದ ಮೆರಿಡಿಯನ್ ಊರಿನಲ್ಲಿ ಒಂದು ರಾತ್ರಿ ಒಬ್ಬ ಬಿಳಿಯ ಇವರನ್ನು ಏನೋ ಕೇಳಿದ. ಇವರು ಹೌದು ಎಂದರು; ಕೊನೆಯಲ್ಲಿ 'ಸರ್' ಸೇರಿಸಲಿಲ್ಲ. ಅಷ್ಟಕ್ಕೇ ಪ್ರಜ್ಞೆ ತಪ್ಪುವಂತೆ ಹೊಡೆದು ಬೀಳಿಸಿದ. ಅದೇ ಜಾತ್ರೆ ಕಂಪನಿಯ ಬಿಳಿಯ ಕೆಲಸಗಾರರು ಇವರನ್ನು ಎತ್ತಿಕೊಂಡು ಹೋಗಿ ಬಚ್ಚಿಟ್ಟರು. ಹೊಡೆಯಲು ಗುಂಪು ಕಟ್ಟಿಕೊಂಡು ಬಂದವರನ್ನು ಬೇರೆ ದಿಕ್ಕಿಗೆ ಕಳಿಸಿದರು. ಹೊಡೆದವರೂ ಅದೇ ಬಣ್ಣದವರು, ಉಳಿಸಿದವರೂ ಅದೇ ಬಣ್ಣದವರು. ಹಾಗಾಗಿ ಇಡೀ ಜನಾಂಗವನ್ನು ದ್ವೇಷಿಸಲು ತನ್ನಿಂದ ಆಗಲಿಲ್ಲ ಎಂದು ಟೆರಿ ಮುಂದೆ ಹೇಳುತ್ತಿದ್ದರು. ಇದು ಪಾಠಕ್ಕೆ ಸಂಬಂಧವಿಲ್ಲದ ಮಾತೆಂದು ತೋರಬಹುದು. ಆದರೆ ಮುಂದೆ ಅವರ ಬಳಿ ಕಲಿಯಲು ಬಂದವರಲ್ಲಿ ಕಪ್ಪು, ಬಿಳಿ ಎಲ್ಲ ಬಣ್ಣದ ಹುಡುಗ ಹುಡುಗಿಯರೂ ಇದ್ದರು.

ಯುದ್ಧ ಬಂತು. 1942ರಿಂದ 1945ರವರೆಗೆ ಟೆರಿ ನೌಕಾದಳದಲ್ಲಿದ್ದರು. ಅಲ್ಲಿಯವರೆಗೆ ನೌಕಾದಳದಲ್ಲಿ ಕಪ್ಪು ಯುವಕರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಅಡುಗೆ, ಬಡಿಸುವ ಕೆಲಸ. ಆ ಹೊತ್ತಿನಲ್ಲೇ ಅವರನ್ನು ಬ್ಯಾಂಡಿಗೂ ತೆಗೆದುಕೊಳ್ಳಲು ಶುರುವಾಗಿತ್ತು. ಷಿಕಾಗೋ ಬಳಿಯ ಗ್ರೇಟ್ ಲೇಕ್ಸ್ ತರಬೇತಿ ಕೇಂದ್ರದಲ್ಲಿ ದೇಶದ ಉದ್ದಗಲದಿಂದ ಬಂದ ಕಪ್ಪು ವಾದಕರೆಲ್ಲ ಒಟ್ಟಿಗಿದ್ದರು. ಒಂದು ಸಂಗೀತ ಕಾಲೇಜಿನಲ್ಲಿದ್ದ ಹಾಗೆಯೇ ಆಯಿತು.

ಮೈಲ್ಸ್ ಡೇವಿಸ್ ಹೆಸರನ್ನು ಜಾಝ್ ಗೊತ್ತಿಲ್ಲದವರೂ ಕೇಳಿರುತ್ತಾರೆ. ಆತ ಬೆಳೆದದ್ದು ನದಿಯ ಆಚೆ ದಡದ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ. ಟೆರಿಗಿಂತ ಐದೂವರೆ ವರ್ಷ ಚಿಕ್ಕವರು. ಮೈಲ್ಸ್‌ನ ಶಾಲೆಯ ಮೇಷ್ಟ್ರು ಎಲ್‌ವುಡ್ ಬುಕಾನನ್ ಟೆರಿಯವರ ಗೆಳೆಯ. ನನ್ನ ಶಾಲೆಯಲ್ಲೊಬ್ಬ ಹುಡುಗ ಇದ್ದಾನೆ, ಬಂದು ಕೇಳು ಎಂದು ಅವರು ಹೇಳುತ್ತಿದ್ದರಂತೆ. ಇಬ್ಬರೂ ಮೊದಲು ಭೇಟಿಯಾದದ್ದು ಕಾರ್ಬನ್‌ಡೇಲ್ ಎಂಬ ಊರಿನ ಶಾಲಾ ಸಮಾರಂಭದಲ್ಲಿ. ಬಡಕಲು ಹುಡುಗ ಹತ್ತಿರ ಬಂದು ಟ್ರಂಪೆಟ್ ಬಗ್ಗೆ ಏನೋ ಕೇಳಿದ. ಟೆರಿ ಆಗಿನ್ನೂ ತರುಣ. ಕಣ್ಣು ಅಲ್ಲಿ ಕುಣಿಯುತ್ತಿದ್ದ ಹುಡುಗಿಯರ ಮೇಲಿತ್ತು. ಈಗ ಟ್ರಂಪೆಟ್ ಮಾತು ಬೇಡ ಹೋಗಪ್ಪ ಎಂಬ ಧಾಟಿಯಲ್ಲಿ ಸಾಗಹಾಕಿದರು.

ಕೆಲವು ಕಾಲದ ನಂತರ ಒಂದು ರಾತ್ರಿ ಟೆರಿ ಸೇಂಟ್ ಲೂಯಿಸ್‌ನ ಕ್ಲಬ್ಬೊಂದರ ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಟ್ರಂಪೆಟ್ ಕೇಳಿಸಿತು. ಊರಿನ ಎಲ್ಲ ವಾದಕರ ನುಡಿ ಪರಿಚಯವಿದ್ದ ಅವರಿಗೆ ಇದು ಯಾರದೆಂದು ಗೊತ್ತಾಗಲಿಲ್ಲ. ಓಡಿ ಮೇಲೆ ಹೋಗಿ ನೋಡಿದರೆ ಅದೇ ಬಡಕಲು ಹುಡುಗ. ನೀನು ಅವನೇ ಅಲ್ಲವೇ ಎಂದರೆ, ಹೌದು, ಕಾರ್ಬನ್‌ಡೇಲಿನಲ್ಲಿ ನೀವು ಓಡಿಸಿದಿರಲ್ಲ ಅವನೇ ಎಂದ! ಈ ಮಾತನ್ನು ಇಬ್ಬರೂ ಮುಂದೆ ಜನ್ಮಪೂರ್ತಿ ನಗುತ್ತ ಹೇಳಿಕೊಂಡರು. ಟೆರಿ ಆ ಹುಡುಗನನ್ನು ತಮ್ಮ ಜೊತೆ ನುಡಿಸುವ ಕಡೆಗೆಲ್ಲ ಕರೆದೊಯ್ದರು. ತನ್ನ ಆರಂಭದ ನುಡಿಸಾಣಿಕೆಯಲ್ಲಿ ಟೆರಿಯವರ ಪ್ರಭಾವ ದೊಡ್ಡದೆಂದು ಮೈಲ್ಸ್ ಒಪ್ಪಿಕೊಂಡಿದ್ದಾರೆ. ಬೇರೆಯವರನ್ನು ಸುಲಭವಾಗಿ ಹೊಗಳುವ ಪೈಕಿಯಲ್ಲ ಆ ಮನುಷ್ಯ.

1948ರಲ್ಲಿ ಟೆರಿ ಕೌಂಟ್ ಬೇಸಿಯವರ ತಂಡ ಸೇರಿದರು. ಆ ದಿನಗಳಲ್ಲಿ ಸಿಯಾಟಲ್ ನಗರಕ್ಕೆ ಹೋದಾಗ ಹದಿಮೂರೋ ಹದಿನಾಲ್ಕೋ ವಯಸ್ಸಿನ ಹುಡುಗನೊಬ್ಬ ಬಂದು ಪಾಠ ಹೇಳಿಕೊಡಿ ಎಂದ. ಟೆರಿಗೆ ಕೆಲಸ ಮುಗಿಯುವುದು ನಡುರಾತ್ರಿ ಕಳೆದ ಮೇಲೆ. ಹುಡುಗನಿಗೆ ಹಗಲೆಲ್ಲ ಶಾಲೆ. ಹಾಗಾದರೆ ಬೆಳಿಗ್ಗೆ ಶಾಲೆಗೆ ಮುಂಚೆ ಬಾ ಎಂದರು. ರಾತ್ರಿಯಿಡೀ ನುಡಿಸಿ ಬಂದು ಆಗಷ್ಟೇ ಮಲಗಿರುವ ಮನುಷ್ಯ ಬೆಳಗಿನ ಜಾವ ಬಾಗಿಲು ತೆರೆದು ಪಾಠ ಹೇಳುವುದೆಂದರೆ! ನಾನಾಗಿದ್ದರೆ ಭಾನುವಾರ ಬಾ ಎನ್ನುತ್ತಿದ್ದೆ. ಹುಡುಗ ಮೌತ್‌ಪೀಸನ್ನು ತುಟಿಯ ಮೇಲೆ ಇಡುತ್ತಿದ್ದ ಜಾಗವೇ ತಪ್ಪಾಗಿತ್ತು, ತುಟಿ ಒಡೆದು ರಕ್ತ ಬರುತ್ತಿತ್ತು. ಟೆರಿ ಅದನ್ನು ಸರಿಪಡಿಸಿದರು. ಆ ಹುಡುಗನೇ ಕ್ವಿನ್ಸಿ ಜೋನ್ಸ್. ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಆಲ್ಬಮ್ ನಿರ್ಮಿಸಿದ ಅದೇ ಕ್ವಿನ್ಸಿ ಜೋನ್ಸ್. 1959ರಲ್ಲಿ ಆತ ಯೂರೋಪ್ ಪ್ರವಾಸಕ್ಕೆ ತನ್ನದೇ ತಂಡ ಕಟ್ಟಿದಾಗ, ಗುರುಗಳು ಇದ್ದ ಒಳ್ಳೆಯ ಕೆಲಸ ಬಿಟ್ಟು ಬಂದು ಶಿಷ್ಯನ ಕೈಕೆಳಗೆ ನುಡಿಸಿದರು.

ಆ 'ಇದ್ದ ಒಳ್ಳೆಯ ಕೆಲಸ' ಎಂದರೆ ಡ್ಯೂಕ್ ಎಲಿಂಗ್ಟನ್ ಅವರ ತಂಡ. ಹತ್ತು ವರ್ಷದ ಹುಡುಗ ರಬ್ಬರ್ ಪೈಪು ಊದಲು ಕಾರಣವಾದ ಅದೇ ತಂಡಕ್ಕೆ ಟೆರಿ 1951ರಲ್ಲಿ ಸೇರಿದ್ದರು. ಸೇರಿದ ಬಗೆ ಸ್ವಾರಸ್ಯವಾಗಿದೆ. ಬೇಸಿಯವರ ತಂಡದಿಂದ ನೇರವಾಗಿ ಕಿತ್ತುಕೊಳ್ಳುವುದು ಎಲಿಂಗ್ಟನ್‌ಗೆ ಇಷ್ಟವಿರಲಿಲ್ಲ. ಅವರು ಉಪಾಯ ಹೇಳಿಕೊಟ್ಟರು: ಹುಷಾರಿಲ್ಲವೆಂದು ಹೇಳಿ ಊರಿಗೆ ಹೋಗು, ನಮ್ಮ ತಂಡ ಅಕಸ್ಮಾತ್ತಾಗಿ ನಿನ್ನ ಊರಿಗೆ ಬರುತ್ತದೆ, ನೀನು ಅಕಸ್ಮಾತ್ತಾಗಿ ಸೇರಿಕೊಳ್ಳುತ್ತೀಯ. ಬೇಸಿ ಆಗಷ್ಟೇ ಟೆರಿಯವರ ಸಂಬಳ ಹೆಚ್ಚಿಸಿದ್ದರು. ಸಿಕ್ ಲೀವ್ ಕೇಳಿದ ಕೂಡಲೇ ಆ ಹೆಚ್ಚಳವನ್ನು ವಾಪಸು ತೆಗೆದುಕೊಂಡರು. ಎಷ್ಟೋ ವರ್ಷದ ನಂತರ ಮನಸ್ಸಾಕ್ಷಿ ಚುಚ್ಚಿ ಟೆರಿ ನಿಜ ಹೇಳಿದಾಗ, ನನಗೆ ಗೊತ್ತಿರಲಿಲ್ಲವೆಂದುಕೊಂಡೆಯಾ, ಸಂಬಳ ಯಾಕೆ ಕಡಿತ ಮಾಡಿದೆ ಮತ್ತೆ ಎಂದರಂತೆ ಬೇಸಿ. ಸಿಕ್ ಲೀವ್ ಅರ್ಜಿಯ ಹಿಂದಿನ ನಿಜ ಮೇಲಧಿಕಾರಿಗಳಿಗೆ ಯಾವಾಗಲೂ ಗೊತ್ತಿರುತ್ತದೆ!

ಬೇಸಿಯವರ ತಂಡ ತನಗೆ ಹೈಸ್ಕೂಲು, ಎಲಿಂಗ್ಟನ್ ತಂಡ ವಿಶ್ವವಿದ್ಯಾಲಯ ಎಂಬರ್ಥದಲ್ಲಿ ಟೆರಿ ಹೇಳುತ್ತಿದ್ದರು. ಎಲಿಂಗ್ಟನ್ ಪಾಠ ಮಾಡುತ್ತಿದ್ದ ರೀತಿಯೇ ಬೇರೆ. ಒಮ್ಮೆ ಜಾಝ್‌ನ ಆದಿಪುರುಷರಲ್ಲೊಬ್ಬನಾದ ಬಡಿ ಬೋಲ್ಡನ್ ಎಂಬಾತನ ಪಾತ್ರವನ್ನು ಟ್ರಂಪೆಟ್ಟಿನಲ್ಲಿ ನುಡಿಸು ಎಂದರು. ಬೋಲ್ಡನ್‌ನ ಒಂದೇ ಒಂದು ರೆಕಾರ್ಡು ಕೂಡ ಉಳಿದಿಲ್ಲ. ಆತ ಹೇಗೆ ನುಡಿಸುತ್ತಿದ್ದನೋ ನನಗೇನು ಗೊತ್ತು ಎಂದರು ಟೆರಿ. ಎಲಿಂಗ್ಟನ್ ಬೋಲ್ಡನ್‌ನ ಠೀವಿ, ಆತನ ಬಟ್ಟೆಬರೆ, ನದಿಯ ಆಚೆ ದಡಕ್ಕೂ ಕೇಳಿಸುವಷ್ಟು ಜೋರಾದ ಆತನ ನಾದ, ಎಲ್ಲವನ್ನೂ ವರ್ಣಿಸಿ, ಈಗ ನೀನೇ ಬಡಿ ಬೋಲ್ಡನ್ ಎಂದುಬಿಟ್ಟರು. ಟೆರಿ ನುಡಿಸಿದರು. ಅದೇ ಸರಿ ಎಂದರು ಎಲಿಂಗ್ಟನ್. ಸ್ವರ ಹೇಳಿಕೊಡುವುದು ಒಂದು ಬಗೆ, ಕಲಿಯುವವನೊಳಗೆ ಇರುವುದನ್ನು ಅವನಿಗೇ ತೋರಿಸುವುದು ಇನ್ನೊಂದು ಬಗೆ. ಟೆರಿ ಎರಡನ್ನೂ ಬಲ್ಲ ಮೇಷ್ಟ್ರಾದದ್ದು ಹೀಗೆ.

ಇದೇ ತಂಡದಲ್ಲಿರುವಾಗ ಅವರು ಫ್ಲೂಗಲ್‌ಹಾರ್ನ್ ಎಂಬ ವಾದ್ಯಕ್ಕೂ ಹೊಸ ಜೀವ ಕೊಟ್ಟರು. ಟ್ರಂಪೆಟ್ಟಿನ ಅಣ್ಣನಂತಿರುವ, ಕೊಳವೆ ಕ್ರಮೇಣ ಅಗಲವಾಗುತ್ತ ಹೋಗುವ ವಾದ್ಯ ಅದು. ಟ್ರಂಪೆಟ್ ಬಿಸಿಲಾದರೆ ಇದು ಸಂಜೆ. ಟೆರಿ ಕೆಲವೊಮ್ಮೆ ಒಂದು ಕೈಯಲ್ಲಿ ಟ್ರಂಪೆಟ್, ಇನ್ನೊಂದು ಕೈಯಲ್ಲಿ ಫ್ಲೂಗಲ್‌ಹಾರ್ನ್ ಹಿಡಿದು, ಅದೊಂದು ಮಾತು ಇದೊಂದು ಮಾತು ಎಂಬಂತೆ ತನ್ನೊಡನೆ ತಾನೇ ಜುಗಲ್‌ಬಂದಿ ನಡೆಸುತ್ತಿದ್ದರು. ಉಸಿರು ಕಡಿಯದೆ ನಿಮಿಷಗಟ್ಟಲೆ ಊದುತ್ತಿದ್ದರು. ನಮ್ಮ ಹಾವಾಡಿಗರು ಪುಂಗಿ ಊದುವಾಗ ಮಾಡುವುದೂ ಅದನ್ನೇ: ಕೆನ್ನೆಯಲ್ಲಿ ತುಂಬಿದ ಗಾಳಿಯನ್ನು ಹೊರಕ್ಕೆ ಒತ್ತುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುವುದು.

1960ರಲ್ಲಿ ಎನ್‌ಬಿಸಿ ಟೆಲಿವಿಷನ್ ಕಂಪನಿ ಟೆರಿಯವರನ್ನು ಕಾಯಂ ವಾದಕರಾಗಿ ತೆಗೆದುಕೊಂಡಿತು. ಅಲ್ಲಿಯವರೆಗೆ ಅಲ್ಲಿನ ವಾದ್ಯವೃಂದದಲ್ಲಿ ಕಪ್ಪು ಜನರು ಇರಲಿಲ್ಲವೆನ್ನಬೇಕು. ಯಾಕಿಲ್ಲ ಎಂದು ನಾಗರಿಕ ಹಕ್ಕಿನ ಸಂಘಟನೆಯೊಂದು ಕೇಳಿದ ಮೇಲೆ ಬಾಗಿಲು ತೆರೆದದ್ದು. ತನ್ನಿಂದ ಒಂದು ತಪ್ಪಾದರೂ ಹಿಂದೆ ಬರುವವರಿಗೆ ಬಾಗಿಲು ಮುಚ್ಚಬಹುದೆಂಬ ಎಚ್ಚರದಿಂದ, ಸಮಯಕ್ಕೆ ಮುಂಚೆ ಬಂದು, ಶುಚಿಯಾಗಿ ಉಡುಪು ತೊಟ್ಟು ಕೂರುತ್ತಿದ್ದರು. 'ಟುನೈಟ್ ಷೋ' ಎಂಬ ಜನಪ್ರಿಯ ಕಾರ್ಯಕ್ರಮದ ವಾದ್ಯವೃಂದದಲ್ಲಿ 1972ರವರೆಗೆ ನುಡಿಸಿದರು. ಕಾರ್ಯಕ್ರಮ ಲಾಸ್ ಏಂಜಲೀಸ್‌ಗೆ ಹೊರಟಾಗ ಇವರು ನ್ಯೂಯಾರ್ಕಿನಲ್ಲೇ ಉಳಿದರು.

ಸಂಬಳ ಖಾತ್ರಿಯಿದ್ದ ಈ ವರ್ಷಗಳಲ್ಲೇ ಅವರ ಪಾಠ ದೊಡ್ಡದಾಗಿ ಬೆಳೆದದ್ದು. ಹಾರ್ಲೆಮ್ ಬಡಾವಣೆಯ ಹುಡುಗರನ್ನು ಸೇರಿಸಿ ಬ್ಯಾಂಡ್ ಕಟ್ಟಿದರು. ಆಗ ಅಮೆರಿಕದ ಬಹುಪಾಲು ಕಾಲೇಜುಗಳಲ್ಲಿ ಜಾಝ್ ಪಾಠದ ವಿಷಯವೇ ಆಗಿರಲಿಲ್ಲ. ಕ್ಲಬ್ಬುಗಳಲ್ಲಿ ನುಡಿಸುವ ಸಂಗೀತಕ್ಕೆ ತರಗತಿಯೇನು ಎಂಬ ತಾತ್ಸಾರವಿತ್ತು. ಟೆರಿ ಶಾಲೆ ಕಾಲೇಜುಗಳಿಗೆ ತಾವೇ ಹೋಗಿ, ಮಕ್ಕಳ ತಂಡಗಳ ಜೊತೆ ಕೂತು, ಹೇಳಿಕೊಟ್ಟು, ಸಂಜೆ ಅವರ ಜೊತೆಗೇ ವೇದಿಕೆಯಲ್ಲಿ ನುಡಿಸಿ ಬರುವ ಕ್ರಮವನ್ನು ದಶಕಗಳ ಕಾಲ ನಡೆಸಿದರು. ಬೇಸಿಗೆ ಶಿಬಿರಗಳನ್ನೂ ನಡೆಸಿದರು. ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್‌ಸನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಅವರ ಕಾಗದಪತ್ರ, ವಾದ್ಯಗಳು ಈಗ ಅಲ್ಲೇ ಇವೆ.

ಅವರ ಪಾಠದ ಕ್ರಮ ನಮಗೆ ಹೊಸದೇನಲ್ಲ. ಮೊದಲು ವಾದ್ಯ ಕೆಳಗಿಡಿಸಿ, ನುಡಿಸಬೇಕಾದ್ದನ್ನು ಬಾಯಲ್ಲಿ ಹೇಳಿಸುತ್ತಿದ್ದರು. ಟ್ರಂಪೆಟ್ಟಿನಲ್ಲಿ ಒಂದೊಂದು ಸ್ವರಕ್ಕೂ ನಾಲಿಗೆಯ ಪೆಟ್ಟು ಬೇಕು. ಸಾಮಾನ್ಯವಾಗಿ 'ತ ಕ ತ ಕ' ಎಂದು ನಾಲಿಗೆ ಆಡಿಸುತ್ತಾರೆ. ಟೆರಿ 'ಡೂಡ್ಲ್ ಡೂಡ್ಲ್' ಎಂದು ಮೃದುವಾಗಿ ಆಡಿಸುತ್ತಿದ್ದರು, ಅದಕ್ಕೇ ಅವರ ವಾದನ ಮಾತಾಡಿದಂತೆ, ಕಿಲಕಿಲ ನಕ್ಕಂತೆ ಕೇಳುತ್ತದೆ. ಈ ಅಕ್ಷರಗಳಿಗೆ ಬೇರೆ ಬೇರೆ ಸ್ವರ ಸೇರಿಸಿ ಶಿಷ್ಯರಿಂದ ಗಂಟೆಗಟ್ಟಲೆ ಹೇಳಿಸುತ್ತಿದ್ದರು. ಮೃದಂಗದ ಮೇಷ್ಟ್ರು ಕೈ ಇಡಿಸುವ ಮುಂಚೆ ಸೊಲ್ಲುಕಟ್ಟು ಬಾಯಿಪಾಠ ಮಾಡಿಸುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕಲಿಕೆಗೆ ಮೂರು ಹೆಜ್ಜೆ ಎನ್ನುತ್ತಿದ್ದರು: ಮೊದಲು ಹಿರಿಯರನ್ನು ಅನುಕರಿಸು, ಆಮೇಲೆ ಅದನ್ನು ಅರಗಿಸಿಕೋ, ಆಮೇಲೆ ನಿನ್ನದೇ ಹೊಸತು ಹುಟ್ಟಿಸು. ಮೊದಲೆರಡನ್ನು ಬಿಟ್ಟು ಮೂರನೆಯದಕ್ಕೆ ಹಾರುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ದಶಕಗಳಿಂದ ಇದ್ದ ಸಕ್ಕರೆ ಕಾಯಿಲೆ ಕೊನೆಕೊನೆಗೆ ಮೈಯನ್ನು ಹಿಂಡಿತು. ಪತ್ನಿ ಗ್ವೆನ್ ಜೊತೆ ಅರ್ಕನ್ಸಾ ರಾಜ್ಯದ ಪೈನ್ ಬ್ಲಫ್ ಎಂಬ ಊರಿಗೆ ಬಂದು ನೆಲೆಸಿದ್ದರು. ದೃಷ್ಟಿ ಮಂದವಾಗುತ್ತ ಬಂತು. ಕೊನೆಗೆ ಎರಡೂ ಕಾಲುಗಳನ್ನು ತೆಗೆಯಬೇಕಾಯಿತು. ಟ್ರಂಪೆಟ್ ಹಿಡಿಯಲಾಗದ ಮನುಷ್ಯ ಹಾಸಿಗೆಯಲ್ಲಿ ಮಲಗಿ ಏನು ಪಾಠ ಮಾಡಿಯಾನು? ಮಾಡಿದರು. ಶಿಷ್ಯರು ಮನೆಗೆ ಬರುತ್ತಿದ್ದರು, ದಿನಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. ಬಾಯಲ್ಲಿ 'ಡೂಡ್ಲ್' ಅನ್ನುವುದಕ್ಕೆ ಕಾಲು ಬೇಕಾಗಿರಲಿಲ್ಲ.

ಹಾಗೆ ಬಂದವರಲ್ಲಿ ಒಬ್ಬ ಜಸ್ಟಿನ್ ಕೌಫ್ಲಿನ್ ಎಂಬ ಪಿಯಾನೋ ವಾದಕ. ಹನ್ನೊಂದನೆಯ ವಯಸ್ಸಿನಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡವನು. ದಾರಿ ತೋರಿಸುವ ನಾಯಿಯನ್ನು ಜೊತೆಗಿಟ್ಟುಕೊಂಡು ಓಡಾಡುತ್ತಿದ್ದ. ಪ್ರತಿಭೆಯಿತ್ತು, ಆದರೆ ವೇದಿಕೆಯ ಅಂಜಿಕೆ ಬಾಧಿಸುತ್ತಿತ್ತು. ಇಪ್ಪತ್ತರ ಹರೆಯದ ಹುಡುಗ, ತೊಂಬತ್ತರ ಮುದುಕ. ಗುರುವಿನ ಕಣ್ಣು ಹೋಗುತ್ತಿದ್ದ ಕಾಲ ಅದು. ಕಣ್ಣಿಲ್ಲದೆ ಬದುಕುವುದು ಹೇಗೆಂಬ ವಿಷಯದಲ್ಲಿ ಶಿಷ್ಯನೇ ಹಿರಿಯ. ಅವನು ಅದನ್ನು ಹೇಳಿಕೊಡುತ್ತಿದ್ದ, ಇವರು ಸಂಗೀತ ಹೇಳಿಕೊಡುತ್ತಿದ್ದರು. ರಾತ್ರಿ ಎರಡು ಮೂರು ಗಂಟೆಯವರೆಗೆ ಪಾಠ ನಡೆಯುತ್ತಿತ್ತು. ಹಗಲೂ ರಾತ್ರಿಯೂ ಇಬ್ಬರಿಗೂ ಒಂದೇ ಆಗಿತ್ತಲ್ಲ.

ಕೌಫ್ಲಿನ್ ಪಿಯಾನೋ ವಾದಕರ ದೊಡ್ಡದೊಂದು ಸ್ಪರ್ಧೆಗೆ ಹೋದ, ಸೆಮಿಫೈನಲ್‌ಗೆ ಆಯ್ಕೆಯಾದ, ಅಲ್ಲಿಂದ ಮುಂದೆ ಹೋಗಲಿಲ್ಲ. ಸಿನಿಮಾ ಕಥೆಯಾಗಿದ್ದರೆ ಗೆಲ್ಲಿಸಿಬಿಡುತ್ತಿದ್ದರು. ಆದರೆ ಒಂದು ದಿನ ಗುರುಗಳನ್ನು ನೋಡಲು ಕ್ವಿನ್ಸಿ ಜೋನ್ಸ್ ಅರ್ಕನ್ಸಾಗೆ ಬಂದರು. ಬೆಳಗಿನ ಜಾವ ಪಾಠ ಹೇಳಿಸಿಕೊಂಡಿದ್ದ ಆ ಹುಡುಗನಿಗೆ ಆಗ ಎಂಬತ್ತರ ಆಸುಪಾಸು. ಟೆರಿ ಮಲಗಿದಲ್ಲಿಂದಲೇ ಈ ಹುಡುಗನ ಪಿಯಾನೋ ಕೇಳಿಸಿದರು. ಕ್ವಿನ್ಸಿ ಅವನನ್ನು ತಮ್ಮ ಜೊತೆ ಪ್ರವಾಸಕ್ಕೆ ಕರೆದುಕೊಂಡು ಹೋದರು. ಇವೆಲ್ಲವನ್ನೂ ಟೆರಿಯವರ ಇನ್ನೊಬ್ಬ ಶಿಷ್ಯ, ಆಸ್ಟ್ರೇಲಿಯಾದ ಡ್ರಮ್ಸ್ ವಾದಕ ಅಲನ್ ಹಿಕ್ಸ್, ವರ್ಷಗಟ್ಟಲೆ ಚಿತ್ರೀಕರಿಸಿ 2014ರಲ್ಲಿ 'ಕೀಪ್ ಆನ್ ಕೀಪಿನ್ ಆನ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ನಿರ್ಮಾಪಕರಲ್ಲಿ ಕ್ವಿನ್ಸಿಯೂ ಒಬ್ಬರು. ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ.

ಪ್ರಶಸ್ತಿಗಳ ಪಟ್ಟಿ ಕೊಡುತ್ತ ಹೋದರೆ ಇನ್ನೊಂದು ಪುಟ ಬೇಕು. 2010ರಲ್ಲಿ ಗ್ರ್ಯಾಮಿಯವರ ಜೀವಮಾನ ಸಾಧನೆಯ ಪ್ರಶಸ್ತಿ ಬಂತೆಂದು ಹೇಳಿ ಮುಂದಕ್ಕೆ ಹೋಗುತ್ತೇನೆ. 2014ರ ಡಿಸೆಂಬರ್‌ನಲ್ಲಿ ಟೆರಿ ಪೈನ್ ಬ್ಲಫ್‌ನ ಆಸ್ಪತ್ರೆಯಲ್ಲಿದ್ದರು. 94 ತುಂಬುವ ಹೊತ್ತು. ಪ್ರಸಿದ್ಧ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ತಮ್ಮ ಇಡೀ ವಾದ್ಯವೃಂದವನ್ನು ಕರೆದುಕೊಂಡು ಆ ಆಸ್ಪತ್ರೆಗೇ ಬಂದರು, ಟೆರಿಯವರಿಗಾಗಿ ನುಡಿಸಿದರು, ಹುಟ್ಟುಹಬ್ಬದ ಹಾಡು ಹೇಳಿದರು. ಎರಡು ತಿಂಗಳ ಮೇಲೆ, 2015ರ ಫೆಬ್ರವರಿ 21ರಂದು, ಟೆರಿ ತೀರಿಕೊಂಡರು. ಕ್ವಿನ್ಸಿ ಜೋನ್ಸ್ 2024ರ ನವೆಂಬರ್‌ನಲ್ಲಿ, 91ನೆಯ ವಯಸ್ಸಿನಲ್ಲಿ ಹೋದರು. ಕೌಫ್ಲಿನ್ ಪಿಯಾನೋ ನುಡಿಸುತ್ತ ಬಂದಿದ್ದಾನೆ, ಅವನದೇ ಆಲ್ಬಮ್‌ಗಳೂ ಬಂದಿವೆ.

ಟೆರಿಯವರನ್ನು ಕೇಳಬೇಕೆನ್ನುವ ಮಕ್ಕಳು 'ಮಂಬಲ್ಸ್'ನಿಂದ ಶುರು ಮಾಡಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ. 1964ರಲ್ಲಿ ಆಸ್ಕರ್ ಪೀಟರ್‌ಸನ್ ಎಂಬ ಪಿಯಾನೋ ವಾದಕರ ಜೊತೆ ರೆಕಾರ್ಡಿಂಗ್ ಮಾಡುವಾಗ ತಮಾಷೆಗೆಂದು ಹಾಡಿದ್ದು. ಬಾಯಲ್ಲಿ ಹಲ್ಲಿಲ್ಲದ ಹಳೆಯ ಹಾಡುಗಾರರು ಹಾಡಿದರೆ ಒಂದು ಪದವೂ ಅರ್ಥವಾಗದಲ್ಲ, ಅದನ್ನೇ ಅಣಕಿಸಿದ್ದಾರೆ. ಇಡೀ ಹಾಡಿನಲ್ಲಿ ಅರ್ಥವಿರುವ ಮಾತು ಹುಡುಕಿದರೂ ಸಿಗುವುದು ಕಷ್ಟ. ಟಿವಿ ಕಾರ್ಯಕ್ರಮದಲ್ಲಿ ಪ್ರೇಕ್ಷಕರು ಯಾರೂ ಕೇಳಿರದ ಹಾಡಿನ ಹೆಸರು ಹೇಳಿ ವಾದ್ಯವೃಂದವನ್ನು ಸಿಕ್ಕಿಸುವ ಆಟವೊಂದಿತ್ತು. ಆಗಲೂ ಟೆರಿ ಎದ್ದು ನಿಂತು, ಓಹೋ ಅದು ಗೊತ್ತು ಎನ್ನುವ ಮುಖ ಮಾಡಿ, ಇದೇ ಗುಣುಗುಣು ಹಾಡಿಬಿಡುತ್ತಿದ್ದರಂತೆ. ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ. ಇಂಗ್ಲಿಷ್ ಬರುವವರಿಗೂ ಅದು ಅರ್ಥವಾಗುವುದಿಲ್ಲ.